ವಿಜಾಪುರ ಸೀಮೆಗೆ ಬಂದ ದೂರದ ಪಾಠ

ಕಲಿಸುವವರು ಒಂದೂರಿನಲ್ಲಿ, ಕಲಿಯುವವರು ನೂರಾರು ಊರುಗಳಲ್ಲಿ, ನಡುವೆ ಒಂದು ಪರದೆ. ಈ ಬಗೆಯ ಶಾಲೆ ಕರ್ನಾಟಕದ ಹಳ್ಳಿಗಳಿಗೆ ಕಾಲಿಟ್ಟದ್ದು 1975ರ ಆಗಸ್ಟ್ 1ರಂದು. ಉಪಗ್ರಹದ ಮೂಲಕ ಟಿವಿ ಪಾಠ ಬಿತ್ತರಿಸುವ ಒಂದು ವರ್ಷದ ಪ್ರಯೋಗಕ್ಕೆ ರಾಜ್ಯದಿಂದ ಆಯ್ಕೆಯಾದವು ಮೂರೇ ಜಿಲ್ಲೆಗಳು: ಗುಲಬರ್ಗಾ, ರಾಯಚೂರು, ವಿಜಾಪುರ. ಬೆಂಗಳೂರಿಗೆ ಆಗಿನ್ನೂ ಟಿವಿ ಕೇಂದ್ರ ಬಂದಿರಲಿಲ್ಲ, ಮೈಸೂರಿಗೂ ಬಂದಿರಲಿಲ್ಲ. ರಾಜಧಾನಿಯ ಮನೆಗಳಿಗಿಂತ ಮೊದಲು ಬಿಸಿಲು ನಾಡಿನ ಹಳ್ಳಿಗಳು ಪರದೆಯ ಮುಂದೆ ಕುಳಿತವು.

ಇಂದಿನ ಬಾಗಲಕೋಟೆ ಜಿಲ್ಲೆ ಆಗ ಪ್ರತ್ಯೇಕವಾಗಿರಲಿಲ್ಲ. ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟೆ ಎಲ್ಲವೂ ವಿಜಾಪುರ ಜಿಲ್ಲೆಯಲ್ಲೇ ಇದ್ದು, 1997ರ ಆಗಸ್ಟ್ 15ರಂದು ಬೇರೆಯಾದವು. ಬಾದಾಮಿಯಿಂದ ಐದು ಕಿಲೋಮೀಟರ್ ಆಸುಪಾಸಿನಲ್ಲಿರುವ, ಬನಶಂಕರಿ ಗುಡಿಯಿಂದಾಗಿ ನಾಡಿಗೆಲ್ಲ ಪರಿಚಿತವಾದ ಚೊಳಚಗುಡ್ಡವೂ ಇದೇ ಜಿಲ್ಲೆಯ ಊರು. ಆದ್ದರಿಂದ ಈ ಭಾಗದಲ್ಲಿ ದೂರದ ಪಾಠದ ಚರಿತ್ರೆಯನ್ನು ಹೇಳುವುದೆಂದರೆ ಹಳೆಯ ವಿಜಾಪುರ ಜಿಲ್ಲೆಯ ಚರಿತ್ರೆಯನ್ನೇ ಹೇಳಿದಂತೆ.

ಪರದೆ ಬರುವ ಮೊದಲು ಇಲ್ಲಿ ಕಲಿಕೆ ಎಂದರೆ ಗುರುವಿನ ಹತ್ತಿರ ಹೋಗಿ ಇರುವುದು. ಮಲಪ್ರಭೆಯ ದಂಡೆಯ ಮೇಲೆ, ಚೊಳಚಗುಡ್ಡಕ್ಕೆ ಸಮೀಪದಲ್ಲಿ, 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಕಟ್ಟಿದ ಶಿವಯೋಗ ಮಂದಿರ ಈ ರೀತಿಯ ಕಲಿಕೆಗೆ ದೊಡ್ಡ ಉದಾಹರಣೆ. ಎಳೆಯ ವಟುಗಳು ಮನೆ ಬಿಟ್ಟು ಅಲ್ಲಿಗೆ ಬಂದು, ವರ್ಷಗಟ್ಟಲೆ ಅಲ್ಲೇ ಉಂಡು, ಉಟ್ಟು, ಸಂಸ್ಕೃತ, ವಚನ, ಯೋಗ, ಸಂಗೀತ ಕಲಿತು ಮಠಗಳಿಗೆ ಹೋಗುತ್ತಿದ್ದರು. ಹಳ್ಳಿಗಳಲ್ಲಿ ಐಗಳ ಸಾಲಿ ಇತ್ತು. ಗುಡಿಯ ಪೌಳಿಯಲ್ಲೋ ಮಠದ ಪಡಸಾಲೆಯಲ್ಲೋ ಮರಳು ಹರವಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಎರಡೂ ಕಡೆ ಗುರು ಕಣ್ಣೆದುರಿಗೇ ಇದ್ದ. ಮಗು ತಪ್ಪು ತಿದ್ದಿದರೆ ಅದೇ ಕ್ಷಣ ಕೈ ಹಿಡಿದು ಸರಿ ಮಾಡುತ್ತಿದ್ದ. ದೂರದ ಪಾಠಕ್ಕೆ ಮುಂದೆ ಎದುರಾದ ಕಷ್ಟಗಳೆಲ್ಲ ಈ ಕೈ ಇಲ್ಲದ್ದರಿಂದ ಹುಟ್ಟಿದಂಥವು.

ದೂರದಿಂದ ಕಲಿಸುವ ಯತ್ನ ಆದರೂ ತೀರ ಹೊಸದಲ್ಲ. ಮುಂಬೈ ಆಡಳಿತದ ಕನ್ನಡ ಜಿಲ್ಲೆಗಳಲ್ಲಿ ಸರ್ಕಾರಿ ಕನ್ನಡ ಸಾಲಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಹರಡತೊಡಗಿದಾಗ ಮಾಸ್ತರರು ಸಿಕ್ಕರೂ ತರಬೇತಾದವರು ಕಡಿಮೆ. ಧಾರವಾಡದ ಟ್ರೇನಿಂಗ್ ಶಾಲೆಗೆ ಎಲ್ಲರನ್ನೂ ಕರೆಸಲು ಆಗುತ್ತಿರಲಿಲ್ಲ. ಡೆಪ್ಯೂಟಿ ಚನ್ನಬಸಪ್ಪನವರ ಕಾಲದಲ್ಲಿ, 1865ರಲ್ಲಿ, ಶಿಕ್ಷಕರಿಗೆಂದೇ ‘ಮಠಪತ್ರಿಕೆ’ ಹೊರಟಿತು. ಮುಂದೆ ಅದು ‘ಶಾಲಾಪತ್ರಿಕೆ’ ಆಯಿತು. ವೆಂಕಟ ರಂಗೋ ಕಟ್ಟಿಯವರಂಥ ಪಂಡಿತರು ಅದನ್ನು ನಡೆಸಿದರು. ಧಾರವಾಡದಿಂದ ಹೊರಡುವ ‘ಜೀವನ ಶಿಕ್ಷಣ’ ಇದೇ ಪರಂಪರೆಯದು. ಲೆಕ್ಕ, ಭೂಗೋಳ, ವ್ಯಾಕರಣ ಹೇಗೆ ಕಲಿಸಬೇಕೆಂಬ ಬರಹ ಟಪ್ಪಾಲಿನಲ್ಲಿ ಹಳ್ಳಿಯ ಮಾಸ್ತರರ ಕೈ ಸೇರುತ್ತಿತ್ತು. ತರಬೇತಿಗೆ ಜನ ಹೋಗುವ ಬದಲು ತರಬೇತಿಯೇ ಜನರ ಬಳಿಗೆ ಹೋಗಬೇಕೆಂಬ ವಿಚಾರ ಈ ಸೀಮೆಯಲ್ಲಿ ಅಷ್ಟು ಹಳೆಯದು. ದೂರಶಿಕ್ಷಣದ ಚರಿತ್ರೆ ಬರೆಯುವವರು ಈ ಪತ್ರಿಕೆಯನ್ನು ಮರೆಯುವುದು ದೊಡ್ಡ ಲೋಪ.

ಎರಡನೆಯ ಹೆಜ್ಜೆ ರೇಡಿಯೊ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ರೈತರ ಕಾರ್ಯಕ್ರಮ, ಮಕ್ಕಳ ಕಾರ್ಯಕ್ರಮ, ಶಾಲಾ ಪಾಠಗಳು ಇದರ ಮೂಲಕ ವಿಜಾಪುರ ಜಿಲ್ಲೆಯ ಮೂಲೆಗಳಿಗೂ ತಲುಪಿದವು. ಅಕ್ಷರ ಬಾರದವರಿಗೂ ರೇಡಿಯೊ ತಿಳಿಯುತ್ತಿತ್ತು. ಧಾರವಾಡದ ಕನ್ನಡ ಈ ಸೀಮೆಯ ಕಿವಿಗೆ ಪರಕೀಯವೂ ಆಗಿರಲಿಲ್ಲ. ಪತ್ರಿಕೆಯನ್ನು ಮತ್ತೊಮ್ಮೆ ಓದಬಹುದು; ರೇಡಿಯೊ ಪಾಠ ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. ಮಗುವಿಗೆ ತಿಳಿಯದ್ದನ್ನು ಕೇಳಲು ಹತ್ತಿರ ಕುಳಿತ ಮಾಸ್ತರರೇ ಬೇಕಾಗಿತ್ತು.

ಉಪಗ್ರಹದ ಮೂಲಕ ಹಳ್ಳಿಗೆ ಟಿವಿ ಒಯ್ಯುವ ಕನಸು ವಿಕ್ರಮ್ ಸಾರಾಭಾಯಿ ಅವರದು. ಪಟ್ಟಣಗಳಲ್ಲಿ ಮೊದಲು ಟಿವಿ ಬೆಳೆದು, ಆಮೇಲೆ ಉಳಿದದ್ದು ಹಳ್ಳಿಗೆ ಹೋಗುವ ಕ್ರಮವನ್ನು ಅವರು ಒಪ್ಪಲಿಲ್ಲ. 1969ರಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಪ್ಪಂದವಾಯಿತು. ಒಂದು ವರ್ಷದ ಮಟ್ಟಿಗೆ ಉಪಗ್ರಹ ನಾಸಾದ್ದು. ನೆಲದ ಮೇಲಿನ ಯಂತ್ರ, ಕಾರ್ಯಕ್ರಮ, ನಿರ್ವಹಣೆ ಎಲ್ಲ ಭಾರತದ್ದು. 1971ರ ಕೊನೆಗೆ ಸಾರಾಭಾಯಿ ತೀರಿಕೊಂಡರು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದಲ್ಲಿ ಯಶಪಾಲ್, ಇ. ವಿ. ಚಿಟ್ನಿಸ್ ಮುಂತಾದವರು ಕೆಲಸ ಮುಂದುವರಿಸಿದರು. ಪ್ರಯೋಗಕ್ಕೆ ಆಂಧ್ರಪ್ರದೇಶ, ಬಿಹಾರ, ಕರ್ನಾಟಕ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನ ಎಂಬ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಈ ಪ್ರಯೋಗವನ್ನು ‘ಸೈಟ್’ ಎಂದು ಕರೆದರು.

ಯಂತ್ರದ ಜೋಡಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ಬಡ ಹಳ್ಳಿಗೆ ಇದು ಸಾಧ್ಯವಾದದ್ದು ಆ ಜೋಡಣೆಯ ಜಾಣತನದಿಂದ. ಅದುವರೆಗೆ ಉಪಗ್ರಹಗಳು ದುರ್ಬಲ ಸಂಕೇತ ಕಳಿಸುತ್ತಿದ್ದವು; ಹಿಡಿಯಲು ನೆಲದ ಮೇಲೆ ಭಾರಿ ಗಾತ್ರದ ಆಂಟೆನಾ ಬೇಕಿತ್ತು. 1974ರ ಮೇ 30ರಂದು ಹಾರಿಸಿದ ಎಟಿಎಸ್-6 ಈ ಲೆಕ್ಕವನ್ನು ತಿರುವುಮುರುವು ಮಾಡಿತು. ಒಂಬತ್ತು ಮೀಟರ್ ಅಗಲದ ಆಂಟೆನಾ ಉಪಗ್ರಹದಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಮೇಲೆ ಖರ್ಚು ಹೆಚ್ಚಿದಷ್ಟೂ ಕೆಳಗೆ ಖರ್ಚು ಇಳಿಯಿತು. ಹಳ್ಳಿಯಲ್ಲಿ ಬೇಕಾದದ್ದು ಸುಮಾರು ಮೂರು ಮೀಟರ್, ಅಂದರೆ ಹತ್ತು ಅಡಿ ಅಗಲದ ಒಂದು ತಟ್ಟೆ. ಅದನ್ನು ಕೋಳಿಗೂಡಿಗೆ ಬಡಿಯುವಂಥ ತಂತಿಬಲೆಯಿಂದಲೇ ಮಾಡಿದರು. ಬಲೆಯ ತೂತುಗಳಿಂದ ಗಾಳಿ ಪಾರಾಗುತ್ತಿದ್ದುದರಿಂದ ಬಿರುಗಾಳಿಗೆ ತಟ್ಟೆ ಕಿತ್ತುಹೋಗುವ ಭಯ ಕಡಿಮೆ. 860 ಮೆಗಾಹರ್ಟ್ಸ್ ಅಲೆಗಳಿಗೆ ಆ ತೂತುಗಳು ಲೆಕ್ಕಕ್ಕೇ ಇಲ್ಲ. ಗಟ್ಟಿ ತಗಡು ಎದುರಾದಂತೆ ಅವು ಪುಟಿದು ತಟ್ಟೆಯ ನಡುವಿನ ಸಾಧನಕ್ಕೆ ಸೇರುತ್ತಿದ್ದವು. ಉಪಗ್ರಹವನ್ನು ಪೂರ್ವ ಆಫ್ರಿಕಾದ ನೆತ್ತಿಯ ಮೇಲೆ, 35 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದರು. ಹಾಗಾಗಿ ವಿಜಾಪುರ ಜಿಲ್ಲೆಯ ತಟ್ಟೆಗಳೆಲ್ಲ ಪಡುವಣಕ್ಕೆ, ತುಸು ತೆಂಕಣಕ್ಕೆ ವಾಲಿ, ನೆಲದಿಂದ ಸುಮಾರು 40 ಡಿಗ್ರಿ ಮೇಲಕ್ಕೆ ಮುಖ ಮಾಡಿ ನಿಂತವು. ಟಿವಿ ಪೆಟ್ಟಿಗೆಗಳನ್ನು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸಿತು. ಪರದೆ ಕಪ್ಪು ಬಿಳುಪಿನದು.

ಪೆಟ್ಟಿಗೆ ಯಾರ ಮನೆಗೂ ಹೋಗಲಿಲ್ಲ. ಕನ್ನಡ ಸಾಲಿಯಲ್ಲೋ ಪಂಚಾಯತಿ ಕಟ್ಟಡದಲ್ಲೋ, ಎಲ್ಲ ಜಾತಿಯವರೂ ಬಂದು ಕೂಡಬಹುದಾದ ಜಾಗದಲ್ಲಿ ಅದನ್ನು ಇಟ್ಟರು. ಅದನ್ನು ಹಚ್ಚುವ, ಆರಿಸುವ, ಕಾಯುವ ಹೊಣೆ ಹೆಚ್ಚಾಗಿ ಸಾಲಿ ಮಾಸ್ತರರ ಹೆಗಲಿಗೆ ಬಿತ್ತು. ದಿನಕ್ಕೆ ನಾಲ್ಕು ಗಂಟೆ ಪ್ರಸಾರ: ಬೆಳಿಗ್ಗೆ ಒಂದೂವರೆ ಗಂಟೆ ಐದರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ವೇಳೆ ಹಿಂದಿ, ಕನ್ನಡ, ತೆಲುಗು, ಒಡಿಯಾ ಎಂಬ ನಾಲ್ಕು ಭಾಷೆಗಳಿಗೆ ಹಂಚಿಹೋಗಿ, ಕನ್ನಡದ ಮಕ್ಕಳ ಪಾಲಿಗೆ ಬಂದದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆಯ ಹೊತ್ತಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ ಬರುತ್ತಿದ್ದವು. ಜೊತೆಗೆ ಎಲ್ಲ ರಾಜ್ಯಗಳಿಗೂ ಒಂದೇ ಆದ ಹಿಂದಿ ಕಾರ್ಯಕ್ರಮ ಅರ್ಧ ಗಂಟೆ.

ಬನಶಂಕರಿಯ ಸೀಮೆಯಲ್ಲಿ ರಾತ್ರಿ ಬಯಲಿನಲ್ಲಿ ಕೂಡಿ ಕುಳಿತು ನೋಡುವುದು ಹೊಸ ರೂಢಿ ಅಲ್ಲ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ವಾರಗಟ್ಟಲೆ ಮುಂದುವರಿಯುವ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ಥಿಯೇಟರ್ ಹಾಕುತ್ತವೆ. ಹಳ್ಳಿಗಳಲ್ಲಿ ಶ್ರೀಕೃಷ್ಣ ಪಾರಿಜಾತ, ಸಣ್ಣಾಟ ಬೆಳಗಿನವರೆಗೆ ನಡೆದಿವೆ. ಪಾತ್ರಧಾರಿ ಚಲೋ ಹಾಡಿದರೆ ಜನ ಮತ್ತೊಮ್ಮೆ ಹಾಡಿಸುತ್ತಾರೆ, ದೂತಿಯ ಮಾತಿಗೆ ಕುಳಿತಲ್ಲಿಂದಲೇ ಉತ್ತರ ಕೊಡುತ್ತಾರೆ. ಪರದೆಯ ಮೇಲಿನವರಿಗೆ ನೋಡುವವರ ದನಿ ಕೇಳುವುದಿಲ್ಲ. ಇಂಥ ಪ್ರೇಕ್ಷಕರ ನಾಡಿಗೆ ಏಕಮುಖ ಪಾಠ ಬಂದಿತೆಂಬುದನ್ನು ಪ್ರಯೋಗದ ಗುಣದೋಷ ತೂಗುವಾಗ ನೆನಪಿನಲ್ಲಿಡಬೇಕು.

ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನ ಕೇಂದ್ರದಲ್ಲಿ. ಉಪಗ್ರಹದಿಂದ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡು ಇದ್ದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಯ ಮಾತು ಸೇರಿಸಬಹುದಾಗಿತ್ತು. ಹಣದ ದೃಷ್ಟಿಯಿಂದ ಇದು ಒಳ್ಳೆಯ ಉಪಾಯ. ಆದರೆ ಹೊಲದಲ್ಲಿ ಬೆಳೆವ ಬೆಳೆ, ಮನೆಯ ಮಾಳಿಗೆ, ಸೀರೆ ಉಡುವ ರೀತಿ, ರೊಟ್ಟಿ ಬಡಿಯುವ ರೀತಿ ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಸ್ಟುಡಿಯೊದ ಗ್ರಾಂಥಿಕ ಕನ್ನಡಕ್ಕೂ ವಿಜಾಪುರದ ಬಿರುಸು ಮಾತಿಗೂ ನಡುವೆ ಒಂದು ಓಣಿಯಷ್ಟಾದರೂ ಅಂತರ ಇದ್ದೇ ಇತ್ತು. ಅದೇ ಹೊತ್ತಿಗೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಪೀಜ್ ಎಂಬ ಊರಿನ ಸಣ್ಣ ಪ್ರಸಾರ ಕೇಂದ್ರದಿಂದ ಸ್ಥಳೀಯರನ್ನೇ ಕೂಡಿಸಿಕೊಂಡು, ಅಲ್ಲಿನ ಆಡುಮಾತಿನಲ್ಲೇ ಕಾರ್ಯಕ್ರಮ ಮಾಡಿದರು. ಅದು ಮುಂದೆ ಬಹುಕಾಲ ನಡೆದು ಯುನೆಸ್ಕೊ ಪ್ರಶಸ್ತಿಯನ್ನೂ ಪಡೆಯಿತು. ವಿಜಾಪುರಕ್ಕೆ ಅಂಥದೊಂದು ಪೀಜ್ ಸಿಗಲಿಲ್ಲ ಎಂಬುದು ಈ ಕಥೆಯ ನಿಜವಾದ ನಷ್ಟ.

ಮಕ್ಕಳ ಪಾಠಗಳನ್ನು ಪಠ್ಯಪುಸ್ತಕಕ್ಕೆ ಕಟ್ಟಿಹಾಕಿರಲಿಲ್ಲ. ಸಾಲಿಯಲ್ಲಿ ಆಸಕ್ತಿ ಹುಟ್ಟಿಸುವುದು, ಸುತ್ತಲಿನ ವಸ್ತುಗಳನ್ನು ಕಂಡು ಪ್ರಶ್ನೆ ಕೇಳುವುದನ್ನು ಕಲಿಸುವುದು ಉದ್ದೇಶವಾಗಿತ್ತು. ಪ್ರಯೋಗದ ಜೊತೆಗೇ ನಡೆದ ಅಧ್ಯಯನವೂ ಅಷ್ಟೇ ದೊಡ್ಡದು. ಸಮಾಜ ವಿಜ್ಞಾನಿಗಳು ಆಯ್ದ ಹಳ್ಳಿಗಳಲ್ಲಿ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಉಳಿದು ಬರೆದುಕೊಂಡರು. ಅವರು ಕಂಡದ್ದು ಎರಡು ಬಗೆ. ಟಿವಿ ನೋಡಿದ ಮಕ್ಕಳ ಮಾತು ಬೆಳೆದಿತ್ತು, ಬೇರೆ ಕಡೆಯಿಂದಲೂ ತಿಳಿದುಕೊಳ್ಳುವ ಹಂಬಲ ಹೆಚ್ಚಿತ್ತು. ಪರೀಕ್ಷೆಯ ಅಂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಸಾಲಿ ಬಿಡುವ ಮಕ್ಕಳ ಸಂಖ್ಯೆಯೂ ಇಳಿಯಲಿಲ್ಲ. ದೊಡ್ಡವರಲ್ಲಿ ಮೊದಮೊದಲು ಕಿಕ್ಕಿರಿದ ಗುಂಪು ತಿಂಗಳುಗಳು ಕಳೆದಂತೆ ಕರಗಿ ಒಂದು ಮಟ್ಟಕ್ಕೆ ನಿಂತಿತು. ಓದು ಬಾರದವರು, ಹೆಣ್ಣುಮಕ್ಕಳು ಹೆಚ್ಚು ತಿಳಿದುಕೊಂಡಿದ್ದರು. ಮಗು ದನದ ಹಿಂದೆ ಹೋಗಬೇಕಾದ ಮನೆಯಲ್ಲಿ ಇಪ್ಪತ್ತೆರಡು ನಿಮಿಷದ ಚಿತ್ರ ಅದನ್ನು ಸಾಲಿಯಲ್ಲಿ ಹಿಡಿದು ನಿಲ್ಲಿಸಬೇಕೆಂದು ಬಯಸುವುದೇ ಅನ್ಯಾಯ. ಬಡತನಕ್ಕೆ ಮದ್ದು ಟಿವಿಯಲ್ಲಿ ಇರಲಿಲ್ಲ.

ಆ ವರ್ಷದ ಅತಿ ಗಟ್ಟಿ ಫಲ ಬಂದದ್ದು ಮಕ್ಕಳ ಪಾಠದಿಂದಲ್ಲ, ಮಾಸ್ತರರ ತರಬೇತಿಯಿಂದ. ರಜೆಯ ಕಾಲದಲ್ಲಿ ಹನ್ನೆರಡು ದಿನದ ವಿಜ್ಞಾನ ತರಬೇತಿಯನ್ನು ಎನ್‌ಸಿಇಆರ್‌ಟಿ ರೂಪಿಸಿತು. ಎರಡು ಸರದಿಯಲ್ಲಿ ಆರೂ ರಾಜ್ಯಗಳ ಸುಮಾರು ಐವತ್ತು ಸಾವಿರ ಪ್ರಾಥಮಿಕ ಶಿಕ್ಷಕರು ತಮ್ಮ ಜಿಲ್ಲೆ ಬಿಡದೆ ಕಲಿತರು. ಅಲ್ಲಿ ಟಿವಿ ಒಂದೇ ಇರಲಿಲ್ಲ. ಪರದೆಯ ಪಾಠದ ಜೊತೆಗೆ ರೇಡಿಯೊ, ಅಚ್ಚಿನ ಪುಸ್ತಿಕೆ, ಕೈಯಾರೆ ಮಾಡಿ ನೋಡುವ ಪ್ರಯೋಗ, ಚರ್ಚೆ ನಡೆಸಿಕೊಡುವ ಒಬ್ಬ ಸ್ಥಳೀಯ ಶಿಕ್ಷಕ ಇದ್ದರು. ನೀರು, ಗಾಳಿ, ಬೀಜ, ಬೆಳಕು ಮುಂತಾದ ಸುತ್ತಲಿನ ವಸ್ತುಗಳಿಂದಲೇ ವಿಜ್ಞಾನ ಕಲಿಸುವ ದಾರಿ ಹಿಡಿದರು. ಇಂದು ಕಂಪ್ಯೂಟರ್ ಪಾಠ ಮತ್ತು ಮುಖಾಮುಖಿ ಪಾಠವನ್ನು ಬೆರೆಸಿ ಕಲಿಸುವುದನ್ನು ಹೊಸ ಪದ್ಧತಿಯೆಂದು ಹೊಗಳುತ್ತಾರೆ. ಅದರ ಅಂಗಗಳೆಲ್ಲ 1975ರ ಈ ಹನ್ನೆರಡು ದಿನಗಳಲ್ಲಿ ಇದ್ದವು.

1976ರ ಜುಲೈ 31ರಂದು ಪ್ರಸಾರ ನಿಂತಿತು. ಒಪ್ಪಂದದಂತೆ ಉಪಗ್ರಹ ಅಮೆರಿಕದ ಕಡೆಗೆ ಸರಿಯಿತು. ಪ್ರಯೋಗದ ಹಳ್ಳಿಗಳಲ್ಲಿ ಕೆಲವನ್ನಾದರೂ ತಲುಪಲೆಂದು 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಬಂತು; ಅದು ಕರ್ನಾಟಕದ ಮೊದಲ ಟಿವಿ ಕೇಂದ್ರ. ಬೆಂಗಳೂರಿಗೆ ದೂರದರ್ಶನ 1981ರಲ್ಲಿ ಬಂತು. ಆದರೆ ಗೋಪುರದಿಂದ ಹೊರಟ ಅಲೆ ಹೋಗುವುದು ಕಣ್ಣಳತೆಯ ದೂರಕ್ಕಷ್ಟೇ. ಗುಲಬರ್ಗಾದಿಂದ ಮಲಪ್ರಭೆಯ ದಂಡೆ ಆ ಅಳತೆಗೆ ಬಲು ದೂರ. 1983ರಲ್ಲಿ ಇನ್ಸಾಟ್-1ಬಿ ಮೇಲೇರಿದ ಮೇಲೆ ಶಾಲಾ ಟಿವಿಗೆ ಆಂಧ್ರಪ್ರದೇಶ, ಬಿಹಾರ, ಗುಜರಾತ್, ಮಹಾರಾಷ್ಟ್ರ, ಒಡಿಶಾ, ಉತ್ತರಪ್ರದೇಶಗಳನ್ನು ಆರಿಸಿಕೊಂಡರು. ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಒಂದು ವರ್ಷ ಉಪಗ್ರಹದ ಪಾಠ ಕಂಡ ಮೂರು ಜಿಲ್ಲೆಗಳಿಗೆ ಅದರ ಮುಂದುವರಿಕೆ ಸಿಗದೇ ಹೋಯಿತು. 1984ರ ಆಗಸ್ಟ್ 15ರಿಂದ ಯುಜಿಸಿಯ ಕಾಲೇಜು ಪಾಠಗಳು ದೂರದರ್ಶನದಲ್ಲಿ ಬರತೊಡಗಿದವು. ಅವು ಹೆಚ್ಚಾಗಿ ಇಂಗ್ಲಿಷಿನವು. ಬಾದಾಮಿ ಹುನಗುಂದಗಳಲ್ಲಿ ಕನ್ನಡದಲ್ಲಿ ಬಿಎ ಓದುತ್ತಿದ್ದವರಿಗೆ ಅದರಿಂದ ಆದ ಉಪಕಾರ ಕಡಿಮೆ. ಅಂಥವರಿಗೆ ಆಸರೆಯಾದದ್ದು ಅಂಚೆ ತೆರಪಿನ ಶಿಕ್ಷಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ತೆರೆದ ಆ ವಿಭಾಗವೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಪರದೆಯ ಈಚೆ ಕುಳಿತವರು ಮಾತಾಡಲು ಶುರು ಮಾಡಿದ್ದು 1990ರ ದಶಕದಲ್ಲಿ, ಅದೂ ಸಾಲಿಯಲ್ಲಲ್ಲ, ಪಂಚಾಯತಿಯಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಗ್ರಾಮ ಪಂಚಾಯತಿಗಳ ಮೂರರಲ್ಲಿ ಒಂದು ಪಾಲು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಅಡುಗೆ ಮನೆ, ಹೊಲ, ಮಗ್ಗ ಬಿಟ್ಟು ಸಭೆಯಲ್ಲಿ ಕೂತು ಅಭ್ಯಾಸವಿಲ್ಲದ ಸಾವಿರಾರು ಹೆಣ್ಣುಮಕ್ಕಳು ಒಮ್ಮೆಲೇ ಸದಸ್ಯರಾದರು. ಅವರೆಲ್ಲರನ್ನೂ ಮೈಸೂರಿನ ತರಬೇತಿ ಸಂಸ್ಥೆಗೆ ಕರೆಸಿ ಕಲಿಸುವುದು ಆಗದ ಮಾತು. ದಶಕದ ನಡುವಿನಲ್ಲಿ ಇಸ್ರೊದ ನೆರವಿನಿಂದ ಉಪಗ್ರಹ ತರಬೇತಿ ಆರಂಭವಾಯಿತು. ಚಿತ್ರ ಒಂದೇ ದಿಕ್ಕಿನಲ್ಲಿ ಬರುತ್ತಿತ್ತು, ಧ್ವನಿ ಎರಡೂ ದಿಕ್ಕಿನಲ್ಲಿ ಹೋಗುತ್ತಿತ್ತು. ಜಿಲ್ಲಾ ಕೇಂದ್ರದ ಕೋಣೆಯಲ್ಲಿ ಕೂಡಿದ ಸದಸ್ಯೆಯರು ಪರದೆಯ ಮೇಲೆ ಪರಿಣತರ ಮಾತು ಕೇಳಿ, ಆಮೇಲೆ ಟೆಲಿಫೋನ್ ಎತ್ತಿ ಪ್ರಶ್ನೆ ಹಾಕುತ್ತಿದ್ದರು. ಒಬ್ಬಾಕೆಯ ಪ್ರಶ್ನೆ ರಾಜ್ಯದ ಎಲ್ಲ ಕೋಣೆಗಳಲ್ಲೂ ಕೇಳಿಸುತ್ತಿತ್ತು. ಗ್ರಾಮಸಭೆ ಕರೆಯುವುದು ಯಾರು, ಬಂದ ಹಣದ ಲೆಕ್ಕ ಕೇಳುವುದು ಹೇಗೆ, ಸದಸ್ಯೆಯ ಬದಲು ಗಂಡ ಬಂದು ಕುರ್ಚಿ ಮೇಲೆ ಕೂತರೆ ಏನು ಮಾಡಬೇಕು: ಇಂಥ ಸಂಶಯಗಳು ಒಂದೂರಿನವಲ್ಲ. ತನ್ನದೇ ಕಷ್ಟವನ್ನು ಬೇರೆ ಜಿಲ್ಲೆಯ ಹೆಣ್ಣುಮಗಳ ಬಾಯಿಂದ ಕೇಳುವುದೇ ಒಂದು ಪಾಠ. ಅದನ್ನು ಯಾವ ಪರಿಣತರೂ ಹೇಳಿಕೊಡಲಾರರು. ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿ ಹಳ್ಳಿಗೆ ಕುಡಿಯುವ ನೀರು ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಮೈಸೂರಿನ ಸಂಸ್ಥೆ ಮುಂದೆ ತನ್ನದೇ ಉಪಗ್ರಹ ಕೇಂದ್ರ ಹೊಂದಿತು. ತರಬೇತಿ ತಾಲ್ಲೂಕು ಪಂಚಾಯತಿಗಳ ಮಟ್ಟಕ್ಕೆ ಇಳಿಯಿತು. ಕರ್ನಾಟಕದ ದೂರ ತರಬೇತಿಯ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಗೌರವಕ್ಕೆ ಯೋಗ್ಯವಾದ ಅಧ್ಯಾಯ ಇನ್ನೊಂದಿಲ್ಲ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿದ ಎಜುಸ್ಯಾಟ್ ಶಿಕ್ಷಣಕ್ಕೆಂದೇ ಭಾರತ ಮಾಡಿದ ಮೊದಲ ಉಪಗ್ರಹ. ಅದಕ್ಕೂ ಮೊದಲೇ, ಇನ್ಸಾಟ್-3ಬಿ ಬಳಸಿ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಕಳಿಸತೊಡಗಿತ್ತು. ದೇಶದ ಮಾದರಿ ಯೋಜನೆಗಳಲ್ಲಿ ಅದೂ ಒಂದು. ಕಾರಣ ಸ್ಪಷ್ಟ. 1963ರಲ್ಲಿ ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ತೆರೆದಾಗ ರಾಜ್ಯದಲ್ಲಿ ಅಂಥ ಕಾಲೇಜುಗಳು ಬೆರಳೆಣಿಕೆಯಷ್ಟು. ಎರಡು ಸಾವಿರದ ಹೊತ್ತಿಗೆ ಅವು ನೂರನ್ನು ದಾಟುವ ಹಾದಿಯಲ್ಲಿದ್ದವು, ಹೊಸ ವಿಷಯ ಕಲಿಸಬಲ್ಲ ಅಧ್ಯಾಪಕರು ಅಷ್ಟು ವೇಗವಾಗಿ ಹುಟ್ಟಲಿಲ್ಲ. ಪ್ರಾಥಮಿಕ ಶಾಲೆಗಳ ಮಾದರಿ ಯೋಜನೆಗೆ ಚಾಮರಾಜನಗರ ಜಿಲ್ಲೆ ಆಯ್ಕೆಯಾಯಿತು. ಎಜುಸ್ಯಾಟ್ 2010ರಲ್ಲಿ ಕೆಲಸ ನಿಲ್ಲಿಸಿತು. ಅಷ್ಟು ಹೊತ್ತಿಗೆ ಪಾಠದ ದಾರಿ ಆಕಾಶದಿಂದ ಕೇಬಲಿಗೆ, ಫೋನಿಗೆ ಸರಿದಿತ್ತು. ಅಗ್ಗದ ರೇಡಿಯೊ ಮಾತ್ರ ಆ ದಶಕದಲ್ಲೂ ಬಿಡದೆ ದುಡಿಯಿತು: ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಕಾರ್ಯಕ್ರಮಗಳಲ್ಲಿ ದನಿ ನಡುವೆ ನಿಲ್ಲುತ್ತಿತ್ತು, ಆ ಬಿಡುವಿನಲ್ಲಿ ಮಕ್ಕಳು ಹಾಡಬೇಕು, ಎಣಿಸಬೇಕು, ಎದ್ದು ಕುಣಿಯಬೇಕು. ಏಕಮುಖ ಯಂತ್ರದಿಂದಲೇ ಸಂವಾದದ ಅನುಭವ ಬರಿಸುವ ಈ ಜಾಣತನ ಎಷ್ಟೋ ದುಬಾರಿ ತಂತ್ರಾಂಶಗಳಲ್ಲಿ ಕಾಣುವುದಿಲ್ಲ.

ಕಂಪ್ಯೂಟರಿನಲ್ಲಿ ತರಗತಿ ನಡೆಸುವ ವಿಚಾರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲೇ ‘ಪ್ಲೇಟೊ’ ಎಂಬ ಹೆಸರಿನಿಂದ ಮೊಳೆತಿತ್ತು. ಪಾಠ, ಪರೀಕ್ಷೆ, ಚರ್ಚೆ, ಹಾಜರಿ ಎಲ್ಲವನ್ನೂ ಒಂದೇ ಜಾಲತಾಣದೊಳಗೆ ಕೂಡಿಸುವ ಏರ್ಪಾಡು 1990ರ ದಶಕದಲ್ಲಿ ರೂಪ ಪಡೆಯಿತು. 2002ರಲ್ಲಿ ಹೊರಬಂದ ‘ಮೂಡಲ್’ ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದಾದ ತಂತ್ರಾಂಶವಾದ್ದರಿಂದ ಭಾರತದ ಕಾಲೇಜುಗಳಲ್ಲೂ ಹರಡಿತು. ಅದನ್ನು ಕಟ್ಟಿದ ಮಾರ್ಟಿನ್ ಡೂಗಿಯಾಮಾಸ್ ಆಸ್ಟ್ರೇಲಿಯಾದ ಮರುಭೂಮಿಯ ಒಂಟಿ ಊರಿನಲ್ಲಿ ಬೆಳೆದವರು. ಎಳವೆಯಲ್ಲಿ ಅವರು ಕಲಿತದ್ದು ರೇಡಿಯೊ ಮೂಲಕ ನಡೆಯುವ ಅಲ್ಲಿನ ಆಕಾಶ ಶಾಲೆಯಲ್ಲಿ. ದೂರದ ಪಾಠದ ಕಷ್ಟ ಸ್ವತಃ ಉಂಡವರೇ ಅದಕ್ಕೆ ಉಪಾಯ ಹುಡುಕಿದರು.

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 2001ರ ಸುಮಾರಿನ ‘ಮಾಹಿತಿ ಸಿಂಧು’ ಯೋಜನೆಯಿಂದ. ಅದು ಸಾವಿರ ಶಾಲೆಗಳ ಗುರಿ ಇಟ್ಟುಕೊಂಡಿತ್ತು. ಅಲ್ಲಿ ಕಂಪ್ಯೂಟರನ್ನೇ ಒಂದು ವಿಷಯವೆಂದು ಹೊರಗಿನವರು ಬಂದು ಕಲಿಸಿದರು. ಗಣಿತದ ಮಾಸ್ತರರು, ಸಮಾಜ ವಿಜ್ಞಾನದ ಅಕ್ಕೋರು ಹೊರಗೇ ಉಳಿದರು. ಗುತ್ತಿಗೆ ಮುಗಿದ ಮೇಲೆ ಕೋಣೆಗೆ ಬೀಗ ಬೀಳುವುದು ಸಹಜವಾಗಿತ್ತು. ಆ ತಪ್ಪು ತಿದ್ದಲು 2011ರಿಂದ ವಿಷಯ ಶಿಕ್ಷಕರ ವೇದಿಕೆ ಹುಟ್ಟಿತು. ಪ್ರೌಢಶಾಲಾ ಶಿಕ್ಷಕರು ಜಿಲ್ಲೆ ಜಿಲ್ಲೆಗಳಿಂದ ಮಿಂಚಂಚೆ ಗುಂಪುಗಳಲ್ಲಿ ಸೇರಿ ಪಾಠದ ಸಂಶಯ, ಪ್ರಶ್ನೆಪತ್ರಿಕೆ, ಚಿತ್ರ, ಪ್ರಯೋಗ ಹಂಚಿಕೊಳ್ಳತೊಡಗಿದರು. ಕನ್ನಡದಲ್ಲಿ ಟೈಪ್ ಮಾಡುವುದನ್ನು ಅವರಲ್ಲಿ ಹಲವರು ಕಲಿತದ್ದೇ ಅಲ್ಲಿ. ಅದರಿಂದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣ ಬೆಳೆಯಿತು. ಪಾಠ ತಯಾರಿಸುವ ಕೆಲಸ ಸ್ಟುಡಿಯೊದಿಂದ ಸಾಲಿಗೆ ಬಂದದ್ದು ಇಲ್ಲಿ, ಖೇಡಾದವರು ಗುಜರಾತಿನಲ್ಲಿ ಮಾಡಿ ತೋರಿಸಿದ ಮೂರು ದಶಕಗಳ ಮೇಲೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ದಂಡೆಯ ಊರುಗಳ ಜನ ನೆಲೆ ತಪ್ಪಿದರು. ಅದಾಗಿ ಏಳು ತಿಂಗಳಿಗೆ, 2020ರ ಮಾರ್ಚಿನಲ್ಲಿ, ಕೋವಿಡ್ ಎಲ್ಲ ಸಾಲಿಗಳ ಬಾಗಿಲು ಹಾಕಿಸಿತು. ಜುಲೈಯಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗೆ ‘ಸಂವೇದ’ ಪಾಠಗಳು ಆರಂಭವಾದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಬಂತು. ಇದರ ರಚನೆ ಹಿಂದಿನ ಅನುಭವಕ್ಕೆ ತಕ್ಕಂತೆ ಇತ್ತು: ಮಕ್ಕಳನ್ನು ಫೋನ್ ಇಲ್ಲದವರು, ಸಾದಾ ಫೋನ್ ಇರುವವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನ್ ಇರುವವರು ಎಂದು ಮೂರು ಗುಂಪು ಮಾಡಿ, ಶಿಕ್ಷಕರೇ ಓಣಿಗೆ ಬಂದು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಮಕ್ಕಳನ್ನು ಸಣ್ಣ ಗುಂಪಾಗಿ ಕೂಡಿಸಿ ಕಲಿಸಿದರು. ಸೋಂಕು ಹರಡಿದ ವರದಿಗಳಿಂದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಸಾಲಿಯ ಆವರಣದಲ್ಲೇ ಮತ್ತೆ ನಡೆಯಿತು. ಒಂದೇ ಫೋನ್ ಇದ್ದ ಮನೆಯಲ್ಲಿ ಅದು ಅಪ್ಪನ ಜೊತೆ ಹೊಲಕ್ಕೋ ದುಡಿಮೆಗೋ ಹೋದರೆ ಮಕ್ಕಳ ತರಗತಿಯೂ ಹೋದಂತೆ. ಅಣ್ಣ ತಂಗಿಯರಲ್ಲಿ ಫೋನ್ ಯಾರ ಕೈಗೆ ಹೋಗುತ್ತದೆಂಬುದೂ ಗೊತ್ತಿದ್ದದ್ದೇ. 1975ರಲ್ಲಿ ಪೆಟ್ಟಿಗೆ ಊರಿಗೆಲ್ಲ ಒಂದೇ ಆಗಿದ್ದರೂ ಅದರ ಮುಂದೆ ಕೂಡಲು ಯಾರೂ ದುಡ್ಡು ಕೊಡಬೇಕಾಗಿರಲಿಲ್ಲ. ಕಾಲೇಜುಗಳ ಮಟ್ಟದಲ್ಲಿ ಸರ್ಕಾರ 2021ರಲ್ಲಿ ಪದವಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಕಲಿಕಾ ನಿರ್ವಹಣಾ ವ್ಯವಸ್ಥೆ ತಂದು, ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು.

ಕೈಕಸುಬಿನ ತರಬೇತಿಗೆ ಬಂದರೆ ಪರದೆಯ ಎಲ್ಲೆ ಬೇಗ ಗೊತ್ತಾಗುತ್ತದೆ. ಇಳಕಲ್ಲ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿ, ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಯಾವ ಎಳೆ ಎಷ್ಟು ಬಿಗಿ ಎಂಬುದನ್ನು ಬೆರಳ ತುದಿ ಹೇಳಬೇಕು. ಚಿತ್ರದಲ್ಲಿ ಕುಣಿಕೆ ಕಾಣುತ್ತದೆ, ಬಿಗಿ ಕಾಣುವುದಿಲ್ಲ. ಇಳಕಲ್ಲದಲ್ಲೂ ಖಣದ ಊರು ಗುಳೇದಗುಡ್ಡದಲ್ಲೂ ಈ ವಿದ್ಯೆ ಕುಣಿಮಗ್ಗದ ಬದಿಗೆ ಕೂತೇ ಮನೆಯಿಂದ ಮನೆಗೆ ಬಂದಿದೆ. ಹೊಸ ವಿನ್ಯಾಸ, ಬಣ್ಣದ ಲೆಕ್ಕ, ಮಾರುಕಟ್ಟೆಯ ದರ, ಸರ್ಕಾರದ ಯೋಜನೆ ಇವುಗಳನ್ನು ಫೋನು ಚೆನ್ನಾಗಿ ತಿಳಿಸಿಕೊಡುತ್ತದೆ. ನೇಕಾರರು ಅದನ್ನು ಬಳಸುವುದೂ ಆ ಕೆಲಸಕ್ಕೇ.

ಶಾಲಾ ಶಿಕ್ಷಕರ ತರಬೇತಿ ಇಂದು ಬಹುಪಾಲು ‘ದೀಕ್ಷಾ’ ವೇದಿಕೆಯ ಮೇಲಿದೆ. 2017ರ ಸೆಪ್ಟೆಂಬರ್ 5ರಂದು ಆರಂಭವಾದ ಇದರಲ್ಲಿ ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಕ್ಯೂಆರ್ ಚೌಕಕ್ಕೆ ಫೋನ್ ಹಿಡಿದರೆ ಆ ಪಾಠದ ವಿಡಿಯೊ ತೆರೆಯುತ್ತದೆ. ಮುಖಾಮುಖಿಯಾಗಿ ಶುರುವಾಗಿದ್ದ ‘ನಿಷ್ಠಾ’ ತರಬೇತಿ 2020ರ ಅಕ್ಟೋಬರಿನಿಂದ ಇದೇ ವೇದಿಕೆಗೆ ಬಂತು. ಶಿಕ್ಷಕರು ಒಂದೊಂದು ಭಾಗ ಓದಿ, ವಿಡಿಯೊ ನೋಡಿ, ಪ್ರಶ್ನೆಗಳಿಗೆ ಉತ್ತರ ಗುರುತಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಮನೆಯಲ್ಲಿ ಕೂತು ತಮ್ಮ ಬಿಡುವಿನಲ್ಲಿ ಕಲಿಯಬಹುದಾದ ಅನುಕೂಲ ದೊಡ್ಡದು. ಹಳೆಯ ಹನ್ನೆರಡು ದಿನದ ತರಬೇತಿಯಲ್ಲಿದ್ದ ಮಾಡಿ ನೋಡುವ ಪ್ರಯೋಗ ಮತ್ತು ಜೊತೆಗೆ ಕೂತು ಚರ್ಚಿಸುವ ಶಿಕ್ಷಕ ಇದರಲ್ಲಿ ಇಲ್ಲ. ಆ ಕೊರತೆಯನ್ನು ಸದ್ಯ ತುಂಬುತ್ತಿರುವುದು ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಮತ್ತು ಶಿಕ್ಷಕರೇ ಕಟ್ಟಿಕೊಂಡ ವಾಟ್ಸ್‌ಆ್ಯಪ್ ಗುಂಪುಗಳು.